ಆಂಗ್ಲೋ-ಸ್ಯಾಕ್ಸನ್ ಕಾಲದ ರೈತರು ಏನು ಉಣ್ಣುತ್ತಿದ್ದರು, ಹೇಗೆ ಬದುಕುತ್ತಿದ್ದರು?

ಪ್ರಶ್ನೆ: ಇಂಗ್ಲಿಷ್ ಉಪನ್ಯಾಸಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಪದವಿ ತರಗತಿಗಳಿಗೆ ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಪಾಠ ಮಾಡುತ್ತೇನೆ. ಪ್ರತಿ ವರ್ಷವೂ ಮೊದಲ ಎರಡು ವಾರ ಆಂಗ್ಲೋ-ಸ್ಯಾಕ್ಸನ್ನರಿಗೆ ಮೀಸಲು. ಐದನೆಯ ಶತಮಾನದಲ್ಲಿ ರೋಮನ್ ಆಡಳಿತ ಬ್ರಿಟನ್ನಿನಿಂದ ಕಾಲ್ತೆಗೆದದ್ದು, ಉತ್ತರ ಸಮುದ್ರದಾಚೆಯಿಂದ ಬಂದ ಜನ ಅಲ್ಲಿ ನೆಲೆಸಿದ್ದು, 597ರಲ್ಲಿ ಅಗಸ್ಟೀನ್ ಕೆಂಟ್‌ಗೆ ಬಂದು ಕ್ರೈಸ್ತ ಧರ್ಮವನ್ನು ಬೋಧಿಸಿದ್ದು, ವೈಕಿಂಗರ ದಾಳಿ, ಆಲ್ಫ್ರೆಡ್ ದೊರೆ, ಕೊನೆಗೆ 1066ರ ನಾರ್ಮನ್ ವಿಜಯ, ಇಷ್ಟನ್ನು ಹೇಳಿ ಮುಂದೆ ಹೋಗುವುದು ನನ್ನ ರೂಢಿ.

ಈ ಸಲ, ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿನ ಸಮಾಧಿ ದಿಬ್ಬದಲ್ಲಿ 1939ರಲ್ಲಿ ಸಿಕ್ಕಿದ ಶಿರಸ್ತ್ರಾಣದ ಚಿತ್ರವನ್ನು ತೋರಿಸುತ್ತಿದ್ದಾಗ, ಬೇಸಾಯದ ಮನೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಮೇಡಂ, ಇದು ರಾಜನದಾಯಿತು. ಆ ರಾಜನ ಹೊಲ ಉತ್ತವರು ಏನು ಉಣ್ಣುತ್ತಿದ್ದರು?" ಎಂದು ಕೇಳಿದಳು. ನನ್ನ ಬಳಿ ಹೇಳುವಂಥ ಉತ್ತರವೇ ಇರಲಿಲ್ಲ. ಹನ್ನೆರಡು ವರ್ಷಗಳಿಂದ ಈ ಪಾಠ ಮಾಡುತ್ತಿದ್ದರೂ ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲವಲ್ಲ ಎಂದು ಅಂದು ಸಂಜೆಯೆಲ್ಲ ಮನಸ್ಸಿಗೆ ಕಸಿವಿಸಿಯಾಯಿತು. ಅವರ ಊಟ, ಮನೆ, ದುಡಿಮೆ, ಹೆಂಗಸರ ಸ್ಥಿತಿಗತಿ, ಇವುಗಳಲ್ಲಿ ಯಾವುದನ್ನು ಬಲ್ಲವರಿದ್ದರೂ ದಯವಿಟ್ಟು ತಿಳಿಸಬೇಕು. ನಮ್ಮದು ಭಾಷೆಯ ಪತ್ರಿಕೆಯಾದ್ದರಿಂದ, ಪದಗಳ ಮೂಲಕ ಹೇಳಲು ಸಾಧ್ಯವಾದರೆ ಮಕ್ಕಳಿಗೆ ಇನ್ನೂ ಅನುಕೂಲ.

ಉತ್ತರ: ನಿವೃತ್ತ ಅಧ್ಯಾಪಕ, ಮೈಸೂರು

ಮೇಡಂ, ತಮ್ಮ ವಿದ್ಯಾರ್ಥಿನಿಗೆ ಮೊದಲು ನನ್ನ ಅಭಿನಂದನೆ ತಿಳಿಸಿ. ಅವಳು ಕೇಳಿದ ಪ್ರಶ್ನೆಯಲ್ಲಿಯೇ ಆ ಸಮಾಜದ ಕೀಲಿಕೈ ಇದೆ, ಏಕೆಂದರೆ ಅಲ್ಲಿ ಯಾರು ಯಾರ ಅನ್ನ ಉಣ್ಣುತ್ತಾರೆ ಎಂಬುದರ ಮೇಲೆಯೇ ಮನುಷ್ಯರ ನಡುವಿನ ಸಂಬಂಧಗಳಿಗೆ ಹೆಸರು ಬಿದ್ದಿತ್ತು.

ಹಳೆಯ ಇಂಗ್ಲಿಷಿನಲ್ಲಿ ರೊಟ್ಟಿಗೆ 'ಹ್ಲಾಫ್' ಎಂದು ಹೆಸರು. ಇಂದಿನ 'ಲೋಫ್' ಅದೇ ಪದ. ಮನೆಯ ಯಜಮಾನ 'ಹ್ಲಾಫ್‌ವೇರ್ಡ್', ಅಂದರೆ ರೊಟ್ಟಿಯನ್ನು ಕಾಯುವವನು. ಅದು ಸವೆದು ಸವೆದು 'ಲಾರ್ಡ್' ಆಯಿತು. ಯಜಮಾನಿ 'ಹ್ಲಾಫ್‌ಡಿಯೆ', ರೊಟ್ಟಿಯ ಹಿಟ್ಟು ನಾದುವವಳು. ಅದು 'ಲೇಡಿ' ಆಯಿತು. ಇಷ್ಟನ್ನು ಅನೇಕ ಪಠ್ಯಗಳು ಹೇಳುತ್ತವೆ. ಆದರೆ ಮೂರನೆಯ ಪದವೊಂದಿದೆ, ಅದನ್ನು ತರಗತಿಯಲ್ಲಿ ಹೇಳುವವರು ಕಡಿಮೆ. ಕೆಂಟ್‌ನ ಏಥೆಲ್‌ಬರ್ಟ್ ದೊರೆ ಸುಮಾರು 600ರಲ್ಲಿ ಬರೆಸಿದ ಕಾನೂನಿನಲ್ಲಿ, ಅಂದರೆ ಇಂಗ್ಲಿಷ್ ಭಾಷೆಯಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಕಾನೂನಿನಲ್ಲಿ, ಒಬ್ಬ ರೈತನ ಆಶ್ರಯದಲ್ಲಿರುವ ಆಳಿಗೆ 'ಹ್ಲಾಫ್‌ಏಟ' ಎಂದಿದ್ದಾರೆ. ಹಾಗೆಂದರೆ ರೊಟ್ಟಿ ತಿನ್ನುವವನು. ಕಾಯುವವನು, ನಾದುವವಳು, ತಿನ್ನುವವನು: ಒಂದು ಮನೆಯ ಎಲ್ಲರೂ ಒಂದೇ ರೊಟ್ಟಿಯ ಸುತ್ತ ಕುಳಿತಿದ್ದಾರೆ. 'ಅನ್ನದಾತ', 'ಅನ್ನದ ಋಣ', 'ಉಂಡ ಮನೆ' ಎಂಬ ಮಾತುಗಳನ್ನು ದಿನವೂ ಆಡುವ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ.

ಇನ್ನು ಹೊಲ ಉತ್ತವನ ವಿಷಯ. ಸುಮಾರು 1000ನೆಯ ಇಸವಿಯ ಹೊತ್ತಿಗೆ ಏಲ್ಫ್ರಿಕ್ ಎಂಬ ಸನ್ಯಾಸಿ, ಮಠದ ಹುಡುಗರಿಗೆ ಲ್ಯಾಟಿನ್ ಸಂಭಾಷಣೆ ಕಲಿಸಲೆಂದು ಪ್ರಶ್ನೋತ್ತರ ರೂಪದ ಪಾಠವೊಂದನ್ನು ಬರೆದ. ಅದರಲ್ಲಿ ಉಳುವವನು, ಕುರುಬ, ದನಗಾಹಿ, ಬೆಸ್ತ, ಅಡುಗೆಯವನು, ಉಪ್ಪು ಮಾರುವವನು, ಚಮ್ಮಾರ ಇವರೆಲ್ಲ ತಮ್ಮ ತಮ್ಮ ಕಸುಬನ್ನು ತಾವೇ ಹೇಳಿಕೊಳ್ಳುತ್ತಾರೆ. ಉಳುವವನು ಹೇಳುವುದು ಹೀಗಿದೆ: ನಸುಕಿನಲ್ಲಿಯೇ ಎತ್ತುಗಳನ್ನು ಹೊಡೆದುಕೊಂಡು ಹೊಲಕ್ಕೆ ಹೋಗಬೇಕು, ಎಂಥ ಚಳಿಯಿದ್ದರೂ ಒಡೆಯನ ಭಯಕ್ಕೆ ಮನೆಯಲ್ಲಿ ಉಳಿಯುವಂತಿಲ್ಲ, ನೊಗ ಹೂಡಿ, ನೇಗಿಲಿಗೆ ಕುಳ ಸಿಕ್ಕಿಸಿ, ದಿನಕ್ಕೆ ಒಂದು ಎಕರೆಯಾದರೂ ಉಳಲೇಬೇಕು. ಜೊತೆಗೆ ಮುಳ್ಳುಗೋಲು ಹಿಡಿದು ಎತ್ತು ಹೊಡೆಯುವ ಹುಡುಗನೊಬ್ಬನಿದ್ದಾನೆ. ಚಳಿಗೂ ಕೂಗಿಗೂ ಅವನ ಗಂಟಲು ಕಟ್ಟಿಹೋಗಿದೆ. ಉಳುಮೆ ಮುಗಿದ ಮೇಲೂ ಎತ್ತುಗಳಿಗೆ ಹುಲ್ಲು ಹಾಕಿ, ನೀರು ಕುಡಿಸಿ, ಸಗಣಿ ಎತ್ತಿ ಹೊರಗೆ ಹಾಕುವ ಕೆಲಸ ಉಳುವವನದೇ. ದುಡಿಮೆ ಕಷ್ಟವೇ ಎಂದು ಕೇಳಿದರೆ, ಕಷ್ಟವೇ ಸರಿ, ಏಕೆಂದರೆ ನಾನು ಸ್ವತಂತ್ರನಲ್ಲ ಎಂದು ಉತ್ತರಿಸುತ್ತಾನೆ. ಇದು ಪಾಠಕ್ಕಾಗಿ ಒಬ್ಬ ಪಂಡಿತ ಕಟ್ಟಿದ ಮಾತು, ಉಳುವವನೇ ಬರೆದದ್ದಲ್ಲ ಎಂಬುದು ನಿಜ. ಆದರೂ ಆ ಹುಡುಗನ ಒಡೆದ ಗಂಟಲನ್ನು ಕಿವಿಯಾರೆ ಕೇಳದವನು ಅದನ್ನು ಬರೆಯಲಾರ ಎಂದೇ ನಾನು ನಂಬಿದ್ದೇನೆ.

ಅದೇ ಪಾಠದ ಕೊನೆಯಲ್ಲಿ ಮಠದ ಹುಡುಗನೊಬ್ಬ ತನ್ನ ಊಟವನ್ನು ಹೇಳುತ್ತಾನೆ: ಸೊಪ್ಪು, ಮೊಟ್ಟೆ, ಮೀನು, ಗಿಣ್ಣು ಅಂದರೆ ಚೀಸ್, ಬೆಣ್ಣೆ, ಹುರುಳಿಯಂಥ ಕಾಳುಗಳು. ಕುಡಿಯಲು 'ಏಲ್' ಎಂಬ ಬಾರ್ಲಿಯ ಮದ್ಯ ಇದ್ದರೆ ಅದು, ಇಲ್ಲದಿದ್ದರೆ ನೀರು. ದ್ರಾಕ್ಷಾರಸ ಕೊಳ್ಳುವಷ್ಟು ಶ್ರೀಮಂತ ನಾನಲ್ಲ ಎನ್ನುತ್ತಾನೆ. ರೈತನ ಮನೆಯಲ್ಲಿ ಗೋಧಿ, ಬಾರ್ಲಿ, ರೈ, ಓಟ್ಸ್ ಧಾನ್ಯಗಳ ರೊಟ್ಟಿ ಮತ್ತು ಗಂಜಿ; ಅದರ ಜೊತೆಗೆ ಬಟಾಣಿ, ಅವರೆ ಜಾತಿಯ ಕಾಳು, ಈರುಳ್ಳಿ, ಬೆಳ್ಳುಳ್ಳಿ, ಎಲೆಕೋಸು. ಆಲೂಗೆಡ್ಡೆ, ಟೊಮೇಟೊ, ಮೆಣಸಿನಕಾಯಿ ಅಮೆರಿಕದಿಂದ ಬರಲು ಇನ್ನೂ ಎಷ್ಟೋ ಶತಮಾನ ಕಾಯಬೇಕಿತ್ತು. ಆ ಕಾಲಕ್ಕೆ ಅವು ನಮ್ಮಲ್ಲಿಯೂ ಇರಲಿಲ್ಲ.

ಮಾಂಸವೂ ಧಾರಾಳವಾಗಿತ್ತು ಎನ್ನಬೇಕು. ವೆಸೆಕ್ಸ್ ರಾಜ್ಯದ ಈನೆ ದೊರೆಯ ಏಳನೆಯ ಶತಮಾನದ ಕೊನೆಯ ಕಾನೂನಿನಲ್ಲಿ ಹತ್ತು 'ಹೈಡ್' (ಒಂದು ಕುಟುಂಬವನ್ನು ಸಾಕುವಷ್ಟು ಜಮೀನಿನ ಅಳತೆ) ಭೂಮಿಯಿಂದ ಸಲ್ಲಬೇಕಾದ ಆಹಾರದ ಕಂದಾಯದ ಪಟ್ಟಿಯಿದೆ: 10 ಕೊಪ್ಪರಿಗೆ ಜೇನು, 300 ರೊಟ್ಟಿ, 42 ಅಳತೆ ಏಲ್, 2 ಬಲಿತ ದನ ಅಥವಾ 10 ಟಗರು, 10 ಹೆಬ್ಬಾತು, 20 ಕೋಳಿ, 10 ಚೀಸು, ಒಂದು ಅಳತೆ ಬೆಣ್ಣೆ, 5 ಸಾಲ್ಮನ್ ಮೀನು, 100 ಹಾವುಮೀನು.

ಉತ್ತರ: ಸಫೋಕ್‌ನಲ್ಲಿ ನೆಲೆಸಿರುವ ಕನ್ನಡಿಗ

ಹಿರಿಯರ ಉತ್ತರವನ್ನು ಓದಿ ಬಹಳ ಸಂತೋಷವಾಯಿತು. ಒಂದು ವಿಷಯದಲ್ಲಿ ಮಾತ್ರ ವಿನಯದಿಂದ ತಿದ್ದುಪಡಿ ಸೂಚಿಸಬಯಸುತ್ತೇನೆ. ಈನೆ ದೊರೆಯ ಪಟ್ಟಿಯನ್ನು ದಿನನಿತ್ಯದ ಊಟವೆಂದು ತಿಳಿಯಲಾಗದು. ಕೇಂಬ್ರಿಜ್‌ನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಕಾಲದ 2,023 ಮಂದಿಯ ಅಸ್ಥಿಗಳ ರಾಸಾಯನಿಕ ವಿಶ್ಲೇಷಣೆಯನ್ನೂ ಇಂಥ ಆಹಾರದ ಪಟ್ಟಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ್ದಾರೆ. ದೊಡ್ಡವರೆನಿಸಿಕೊಂಡವರು ಉಳಿದವರಿಗಿಂತ ಹೆಚ್ಚು ಮಾಂಸ ತಿನ್ನುತ್ತಿದ್ದರು ಎಂಬುದಕ್ಕೆ ಅಸ್ಥಿಗಳಲ್ಲಿ ಸಾಕ್ಷ್ಯವಿಲ್ಲ. ಆ ಪಟ್ಟಿಗಳು ಊರಿನ ಜನ ದೊರೆಗೆ ಅಪರೂಪಕ್ಕೊಮ್ಮೆ ಮಾಡುತ್ತಿದ್ದ ದೊಡ್ಡ ಔತಣದವು ಎಂಬುದು ಅವರ ತೀರ್ಮಾನ. ಅಂದರೆ ದೊರೆಯೂ ಹೆಚ್ಚಿನ ದಿನಗಳಲ್ಲಿ ಧಾನ್ಯದ ಊಟವನ್ನೇ ಮಾಡುತ್ತಿದ್ದ. ಜಾತ್ರೆಯ ದಿನದ ಅಡುಗೆಯ ಲೆಕ್ಕ ನೋಡಿ ವರ್ಷವಿಡೀ ಅದನ್ನೇ ಉಂಡರೆಂದು ಹೇಳಿದರೆ ಹೇಗೋ ಹಾಗೆ ಆಗಿಬಿಡುತ್ತದೆ.

ಮನೆಗಳ ಬಗ್ಗೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಜಿಲ್ಲೆಯ ಲಾರ್ಕ್ ನದಿಯ ದಂಡೆಯಲ್ಲಿ ವೆಸ್ಟ್ ಸ್ಟೋ ಎಂಬ ಸ್ಥಳವಿದೆ. ಅಲ್ಲಿ 1965ರಿಂದ 1972ರವರೆಗೆ ಉತ್ಖನನ ನಡೆದು, ಸುಮಾರು 420ರಿಂದ 650ರವರೆಗೆ ಜನ ಬದುಕಿದ್ದ ಒಂದು ಹಳ್ಳಿಯ ಗುರುತುಗಳು ಸಿಕ್ಕವು. ಮರದ ಮನೆಗಳು ಕೊಳೆತುಹೋಗಿದ್ದರೂ ಕಂಬ ನೆಟ್ಟಿದ್ದ ಕುಳಿಗಳು ಮಣ್ಣಿನ ಬಣ್ಣದಲ್ಲಿ ಉಳಿದಿದ್ದವು. ಆ ಕುಳಿಗಳ ಆಧಾರದ ಮೇಲೆ ಅದೇ ಜಾಗದಲ್ಲಿ ಕೆಲವು ಮನೆಗಳನ್ನು ಹಳೆಯ ಬಗೆಯ ಉಪಕರಣಗಳಿಂದಲೇ ಮತ್ತೆ ಕಟ್ಟಿದ್ದಾರೆ. ಹಿಂದೆ, ನೆಲದಲ್ಲಿ ತೋಡಿದ ಗುಂಡಿಯೊಳಗೇ ಜನ ವಾಸಿಸುತ್ತಿದ್ದರೆಂದು ವಿದ್ವಾಂಸರು ಭಾವಿಸಿದ್ದರು. ಗುಂಡಿಯ ಮೇಲೆ ಹಲಗೆಯ ನೆಲ ಹಾಸಿ ವಾಸಿಸುತ್ತಿದ್ದಿರಬೇಕು, ಕೆಳಗಿನ ಟೊಳ್ಳು ಹಲಗೆಗೆ ಥಂಡಿ ತಾಗದಂತೆ ಕಾಪಾಡುತ್ತಿತ್ತು ಎಂಬುದು ಇಲ್ಲಿನ ಪ್ರಯೋಗದಿಂದ ಬೆಳೆದ ಅಭಿಪ್ರಾಯ.

ಕಳೆದ ಜನವರಿಯಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಒಳಗೆ ನಡುಮನೆಯಲ್ಲಿ ಒಲೆ ಉರಿಯುತ್ತಿತ್ತು. ಹೊಗೆಗೂಡು ಇಲ್ಲವಾದ್ದರಿಂದ ಹೊಗೆ ಮೇಲೇರಿ ಹುಲ್ಲಿನ ಮಾಡಿನಲ್ಲಿಯೇ ತಂಗಿ, ನಿಧಾನವಾಗಿ ಸೋರಿ ಹೋಗುತ್ತಿತ್ತು. ನಿಂತರೆ ಕಣ್ಣು ಉರಿಯುತ್ತಿತ್ತು, ಕುಳಿತರೆ ನಿರಾಳ. ಮಗಳು ಅದನ್ನು ಎರಡೇ ನಿಮಿಷದಲ್ಲಿ ಕಂಡುಕೊಂಡು ಒಲೆಯ ಪಕ್ಕದ ಗಿಡ್ಡ ಮಣೆಯ ಮೇಲೆ ಕುಳಿತುಬಿಟ್ಟಳು. ಆ ಮನೆಯಲ್ಲಿ ಬದುಕೆಲ್ಲ ಮೊಣಕಾಲಿನ ಎತ್ತರದಲ್ಲಿ ನಡೆಯುತ್ತಿತ್ತೆಂಬುದು ನನಗೆ ಆಗ ಅರ್ಥವಾಯಿತು. ಗೋಡೆಗೆ ಒರಗಿಸಿದ ಮಗ್ಗದಲ್ಲಿ ಹಾಸಿನ ಎಳೆಗಳು ಕೆಳಕ್ಕೆ ಇಳಿಬಿದ್ದಿದ್ದವು. ಅವು ಬಿಗಿಯಾಗಿರಲೆಂದು ತುದಿಗೆ ಉಂಗುರದಾಕಾರದ ಸುಟ್ಟ ಮಣ್ಣಿನ ತೂಕಗಳನ್ನು ಕಟ್ಟಿದ್ದರು. ಒಂದನ್ನು ಕೈಗೆ ಕೊಟ್ಟರು. ಅಂಗೈ ತುಂಬುವಷ್ಟು ದಪ್ಪ, ಒರಟು, ನಡುವೆ ತೂತು. ಉತ್ಖನನದಲ್ಲಿ ಇಂಥ ತೂಕಗಳು ಹೇರಳವಾಗಿ ಸಿಕ್ಕಿವೆ. ಉಣ್ಣೆ ನೂತು, ನೇಯ್ದು ಬಟ್ಟೆ ಮಾಡಿಕೊಳ್ಳುವುದು ಆ ಹೆಂಗಸರ ದಿನದ ಬಹುಪಾಲನ್ನು ನುಂಗುತ್ತಿತ್ತು. ಆಲ್ಫ್ರೆಡ್ ದೊರೆಯ ಮರಣಶಾಸನದಲ್ಲಿ ತಂದೆಯ ಕಡೆಯ ನೆಂಟರನ್ನು 'ಈಟಿಯ ಕಡೆ' ಎಂದೂ ಹೆಣ್ಣಿನ ಕಡೆಯವರನ್ನು 'ಕದಿರಿನ ಕಡೆ' ಎಂದೂ ಕರೆದಿದ್ದಾರೆ.

ಇನ್ನೊಂದು ಮಾತು. ವಿಟ್ಬಿ ಮಠದ ಕ್ಯಾಡ್ಮನ್ ಕವಿಯ ಕಥೆಯನ್ನು ತಾವು ಪಾಠ ಮಾಡಿಯೇ ಇರುತ್ತೀರಿ. ಕನಸಿನಲ್ಲಿ ಅವನಿಗೆ ಹಾಡು ಒಲಿದದ್ದನ್ನೇ ಎಲ್ಲರೂ ಹೇಳುತ್ತಾರೆ. ಆ ಕಥೆಯನ್ನು ದಾಖಲಿಸಿದ ಸನ್ಯಾಸಿ, ಇತಿಹಾಸಕಾರ ಬೀಡ್ ಬರೆದದ್ದನ್ನು ನಿಧಾನವಾಗಿ ಓದಿದರೆ ಅದರಲ್ಲಿ ದಿನದ ಬದುಕೂ ಕಾಣುತ್ತದೆ: ದುಡಿಯುವ ಜನ ಸಂಜೆ ಒಟ್ಟಿಗೆ ಕುಳಿತು ಉಣ್ಣುತ್ತಾರೆ, ಕಿನ್ನರಿಯಂಥ ತಂತಿವಾದ್ಯ ಕೈಯಿಂದ ಕೈಗೆ ಬರುತ್ತದೆ, ಸರದಿ ಬಂದವರು ಹಾಡಲೇಬೇಕು. ಹಾಡು ಬಾರದ ಕ್ಯಾಡ್ಮನ್ ಎದ್ದು ಕೊಟ್ಟಿಗೆಗೆ ಹೋಗುತ್ತಾನೆ, ಏಕೆಂದರೆ ಆ ರಾತ್ರಿ ದನ ಕಾಯುವ ಪಾಳಿ ಅವನದು.

ಉತ್ತರ: ವಕೀಲೆ, ಧಾರವಾಡ

ಹೆಂಗಸರ ಸ್ಥಿತಿಗತಿಯ ಬಗ್ಗೆ ಕೇಳಿದ್ದೀರಿ. ನನ್ನ ವೃತ್ತಿಯ ಕಾರಣದಿಂದ ಹಳೆಯ ಕಾನೂನುಗಳನ್ನು ಆಸಕ್ತಿಯಿಂದ ಓದಿದ್ದೇನೆ, ಆದ್ದರಿಂದ ಕಾನೂನಿನ ಬಾಗಿಲಿನಿಂದಲೇ ಒಳಗೆ ಬರುತ್ತೇನೆ.

ಮೇಲೆ ಹೇಳಿದ ಏಥೆಲ್‌ಬರ್ಟನ ಕಾನೂನು ಬಹುಮಟ್ಟಿಗೆ ಪರಿಹಾರದ ದರಪಟ್ಟಿ. ಕಣ್ಣು ಹೋದರೆ 50 ಷಿಲಿಂಗ್, ಕಿವಿ ಕತ್ತರಿಸಿದರೆ 12, ಮುಂದಿನ ಹಲ್ಲಿಗೆ 6, ಹೆಬ್ಬೆರಳಿಗೆ 20, ಹೆಬ್ಬೆರಳಿನ ಉಗುರಿಗೆ 3. ಓದುವಾಗ ಮೈ ಜುಮ್ಮೆನ್ನುತ್ತದೆ, ಆದರೆ ಇದರ ಉದ್ದೇಶ ಕ್ರೌರ್ಯವಲ್ಲ. ಒಬ್ಬನ ಮೈಗೆ ಗಾಯವಾದರೆ ಅವನ ಬಂಧುಗಳು ಆಯುಧ ಹಿಡಿದು ಹೊರಡುವ, ಆ ಸೇಡು ಮೂರು ತಲೆಮಾರು ನಡೆಯುವ ಸಮಾಜದಲ್ಲಿ, ಹಣ ಕೊಟ್ಟು ಜಗಳ ಮುಗಿಸುವ ದಾರಿಯನ್ನು ಅದು ತೋರಿಸುತ್ತದೆ. ಪ್ರಾಣಕ್ಕೂ ಬೆಲೆಯಿತ್ತು, ಮುಂದೆ ವೆಸೆಕ್ಸ್‌ನಲ್ಲಿ ಸಾಮಾನ್ಯ ರೈತನ ಪ್ರಾಣಕ್ಕೆ 200 ಷಿಲಿಂಗ್, ಥೇನ್ ಎಂಬ ಭೂಮಾಲೀಕನ ಪ್ರಾಣಕ್ಕೆ 1,200.

ಆ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬಳು ಹೆಸರಿಲ್ಲದ ಹೆಂಗಸು. ರಾಜನ ಮನೆಯಲ್ಲಿ ಧಾನ್ಯ ಬೀಸುವ ದಾಸಿಯ ಜೊತೆ ಯಾರಾದರೂ ಮಲಗಿದರೆ 25 ಷಿಲಿಂಗ್ ತೆರಬೇಕು ಎಂಬ ಕಲಮು ಅದರಲ್ಲಿದೆ. ಅದು ಅವಳ ಮಾನಕ್ಕೆ ಸಿಗುವ ಪರಿಹಾರವಲ್ಲ, ಅವಳ ಒಡೆಯನ ಹಕ್ಕಿಗೆ ಸಿಗುವ ಪರಿಹಾರ. ರೊಟ್ಟಿ ಕಾಯುವವನು, ನಾದುವವಳು, ತಿನ್ನುವವನು ಎಂದು ಹಿರಿಯರು ಮೂವರನ್ನು ಹೇಳಿದರು. ಆ ಮೂವರಿಗೂ ಮೊದಲು, ಬೀಸುಕಲ್ಲಿನ ಮುಂದೆ ಕುಳಿತು ಹಿಟ್ಟು ಮಾಡಿದ ಈ ನಾಲ್ಕನೆಯವಳನ್ನು ತಮ್ಮ ವಿದ್ಯಾರ್ಥಿಗಳಿಗೆ ದಯವಿಟ್ಟು ಹೇಳಿ. ನೀರಿನ ಗಿರಣಿಗಳು ಹೆಚ್ಚುತ್ತ ಹೋಗಿ, 1086ರ ಡೂಮ್ಸ್‌ಡೇ ಗಣತಿಯ ಹೊತ್ತಿಗೆ ದೇಶದಲ್ಲಿ ಸುಮಾರು 6,000 ಗಿರಣಿಗಳಾದವು. ಅದಕ್ಕೂ ಹಿಂದೆ ಹಿಟ್ಟೆಂಬುದು ಹೆಂಗಸರ ತೋಳಿನಿಂದಲೇ ಬರುತ್ತಿತ್ತು. ಅದೇ ಗಣತಿಯಲ್ಲಿ, ದಾಖಲಾದ ಜನರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಗುಲಾಮರು.

ಗುಲಾಮರಾಗುವುದು ಯುದ್ಧದಲ್ಲಿ ಸೋತಾಗ ಮಾತ್ರವಲ್ಲ. ಡರಮ್ ಚರ್ಚಿನ ಹಳೆಯ ಗ್ರಂಥವೊಂದರಲ್ಲಿ ಯೇಟ್‌ಫ್ಲೇಡ್ ಎಂಬ ಮಹಿಳೆ ತನ್ನ ಗುಲಾಮರನ್ನು ಬಿಡುಗಡೆ ಮಾಡಿದ ದಾಖಲೆಯಿದೆ. ಒಬ್ಬ ಕಮ್ಮಾರನಿಗೆ, ಒಂದು ಕುಟುಂಬದ ಗಂಡಹೆಂಡಿರಿಗೆ, ಅವರಿಗೆ ಹುಟ್ಟಿದ ಮತ್ತು ಇನ್ನೂ ಹುಟ್ಟಬೇಕಾದ ಮಕ್ಕಳಿಗೆ ಸ್ವಾತಂತ್ರ್ಯ ಕೊಟ್ಟು, ಕೊನೆಗೆ, ಕೆಟ್ಟ ದಿನಗಳಲ್ಲಿ ಕೂಳಿಗಾಗಿ ತನಗೆ ತಲೆಯೊಪ್ಪಿಸಿದವರೆಲ್ಲರನ್ನೂ ಬಿಡುತ್ತೇನೆ ಎಂದು ಬರೆಸುತ್ತಾಳೆ. ಬರಗಾಲದಲ್ಲಿ ಮನುಷ್ಯ ಒಡತಿಯ ಕೈಗಳ ನಡುವೆ ತಲೆಯಿಟ್ಟು, ಒಂದು ತುತ್ತಿಗಾಗಿ ತನ್ನನ್ನೇ ಮಾರಿಕೊಳ್ಳುತ್ತಿದ್ದ.

ಹಾಗೆಂದು ಹೆಂಗಸರೆಲ್ಲರೂ ಕೈಲಾಗದವರೆಂದು ತಿಳಿಯಬಾರದು. ಆಸ್ತಿಯುಳ್ಳ ಹೆಣ್ಣು ಅದನ್ನು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳಬಹುದಿತ್ತು, ಇಷ್ಟಬಂದವರಿಗೆ ಕೊಡಬಹುದಿತ್ತು. ಕನೂಟ್ ದೊರೆಯ ಕಾಲದಲ್ಲಿ, 1016 ಮತ್ತು 1035ರ ನಡುವೆ, ಹೆರಿಫರ್ಡ್ ಸೀಮೆಯ ಪಂಚಾಯಿತಿ ಸೇರಿದ್ದಾಗ ಎಡ್ವಿನ್ ಎಂಬವನು ಬಂದು ತನ್ನ ಹೆತ್ತ ತಾಯಿಯ ಮೇಲೆಯೇ ಜಮೀನಿನ ದಾವೆ ಹೂಡಿದ. ತಾಯಿಯ ಪರವಾಗಿ ಮಾತನಾಡುವವರು ಯಾರು ಎಂದು ಸಭೆ ಕೇಳಿತು. ಅವಳ ಸಂಬಂಧಿಯ ಗಂಡ ಥರ್ಕಿಲ್, ತಾನು ಮಾತನಾಡುತ್ತೇನೆ, ಆದರೆ ಅವಳ ವಾದ ತನಗೆ ತಿಳಿದಿಲ್ಲ ಎಂದ. ಆಗ ಸಭೆ ಮೂವರು ಥೇನ್‌ಗಳನ್ನು ಆರಿಸಿ ಕುದುರೆಯ ಮೇಲೆ ಅವಳ ಮನೆಗೇ ಕಳುಹಿಸಿತು. ಮಗನ ಜಮೀನು ನನ್ನ ಹತ್ತಿರ ಯಾವುದೂ ಇಲ್ಲ ಎಂದು ಅವಳು ಸಿಟ್ಟಿನಿಂದ ಹೇಳಿ, ಥರ್ಕಿಲನ ಹೆಂಡತಿ ಲಿಯೋಫ್‌ಫ್ಲೇಡಳನ್ನು ಹತ್ತಿರ ಕರೆದು, ನನ್ನ ಭೂಮಿ, ಚಿನ್ನ, ಬಟ್ಟೆಬರೆ ಎಲ್ಲವೂ ನನ್ನ ನಂತರ ಇವಳಿಗೆ, ಮಗನಿಗೆ ಏನೂ ಇಲ್ಲ, ಇದನ್ನು ಸಭೆಯಲ್ಲಿ ಎಲ್ಲರ ಮುಂದೆ ಹೇಳಿ ಸಾಕ್ಷಿಯಾಗಿರಿ ಎಂದಳು. ಸಭೆ ಅದನ್ನು ಒಪ್ಪಿತು. ಥರ್ಕಿಲ್ ಕೂಡಲೇ ಚರ್ಚಿಗೆ ಹೋಗಿ ಅದನ್ನು ಸುವಾರ್ತೆಯ ಪುಸ್ತಕದಲ್ಲಿ ಬರೆಸಿದ. ಆ ಪುಸ್ತಕ ಇಂದಿಗೂ ಹೆರಿಫರ್ಡ್ ಕ್ಯಾಥೆಡ್ರಲ್‌ನಲ್ಲಿದೆ. ಸಾವಿರ ವರ್ಷ ಹಿಂದಿನ ಒಬ್ಬ ತಾಯಿಯ ಬಾಯಿಮಾತಿಗೆ ಕಾನೂನಿನ ಬಲವಿತ್ತು. ಆದರೆ ಅವಳ ಹೆಸರನ್ನು ಬರೆಯುವುದು ಮಾತ್ರ ಬರೆದವನಿಗೆ ಅಗತ್ಯವೆನಿಸಲಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಇಂದು ಕರಿಹಲಗೆಯ ಮೇಲೆ 'ಹ್ಲಾಫ್' ಎಂಬ ಒಂದೇ ಪದ ಬರೆದು ಇಡೀ ಗಂಟೆ ಪಾಠ ಮಾಡಿದೆ. ಬೀಸುವ ದಾಸಿಯ ವಿಷಯ ಬಂದಾಗ ತರಗತಿ ಸ್ತಬ್ಧವಾಯಿತು. ಅದೇ ವಿದ್ಯಾರ್ಥಿನಿ ಈಗ ಇನ್ನೆರಡು ಪ್ರಶ್ನೆ ಕೇಳಿದ್ದಾಳೆ: ಅವರು ತಿಂಗಳು, ವಾರಗಳನ್ನು ಹೇಗೆ ಎಣಿಸುತ್ತಿದ್ದರು, ಮತ್ತು ಮೆಣಸಿನಕಾಯಿ ಇಲ್ಲದ ಮೇಲೆ ಅವರ ಅಡುಗೆಗೆ ಖಾರವೇ ಇರಲಿಲ್ಲವೇ?

ಉತ್ತರ: ನಿವೃತ್ತ ಅಧ್ಯಾಪಕ, ಮೈಸೂರು

ಸಫೋಕ್‌ನ ಸ್ನೇಹಿತರ ತಿದ್ದುಪಡಿಯನ್ನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಔತಣದ ಪಟ್ಟಿಯನ್ನು ನಿತ್ಯದ ಊಟವೆಂದು ಓದಿದ್ದು ನನ್ನ ತಪ್ಪು.

ತಿಂಗಳುಗಳ ಬಗ್ಗೆ ಬೀಡ್ 725ರ ತನ್ನ ಕಾಲಗಣನೆಯ ಗ್ರಂಥದಲ್ಲಿ ವಿವರವಾಗಿ ಬರೆದಿದ್ದಾನೆ. ಕ್ರೈಸ್ತರಾಗುವ ಮೊದಲು ಅವರದು ಚಾಂದ್ರಮಾನ. ಮೇ ತಿಂಗಳಿಗೆ 'ಥ್ರಿಮಿಲ್ಚೆ' ಎಂದು ಹೆಸರು, ಏಕೆಂದರೆ ಹಸಿರು ಮೇವು ಹೇರಳವಾಗಿ ಆಗ ಹಸುಗಳು ದಿನಕ್ಕೆ ಮೂರು ಹೊತ್ತು ಹಾಲು ಕರೆಯುತ್ತಿದ್ದವು. ಆಗಸ್ಟ್ ಕಳೆಯ ತಿಂಗಳು. ನವೆಂಬರ್ ರಕ್ತದ ತಿಂಗಳು. ಕಡಿಯಲಿದ್ದ ದನಗಳನ್ನು ಆಗ ದೇವರಿಗೆ ಅರ್ಪಿಸುತ್ತಿದ್ದರು. ಚಂದ್ರನ ಲೆಕ್ಕ ಸೂರ್ಯನ ಲೆಕ್ಕಕ್ಕಿಂತ ಹಿಂದೆ ಬಿದ್ದಾಗ ಬೇಸಿಗೆಯಲ್ಲಿ 'ಲಿಥ' ಎಂಬ ತಿಂಗಳನ್ನು ಇನ್ನೊಮ್ಮೆ ಸೇರಿಸುತ್ತಿದ್ದರು. ಪಂಚಾಂಗ ನೋಡುವ ಮನೆಯ ಮಕ್ಕಳಿಗೆ ಇದು ಅಧಿಕ ಮಾಸವೆಂದು ತಾನಾಗಿಯೇ ತಿಳಿಯುತ್ತದೆ. ವಾರದ ಹೆಸರುಗಳಲ್ಲಿ ನಮಗೂ ಅವರಿಗೂ ಮೂಲವೇ ಒಂದು. ಗ್ರೀಕ್-ರೋಮನ್ ಜಗತ್ತಿನ ಗ್ರಹಗಳ ವಾರ ಪೂರ್ವಕ್ಕೆ ಬಂದು ಮಂಗಳ, ಬುಧ, ಗುರು, ಶುಕ್ರ ಆಯಿತು. ಉತ್ತರಕ್ಕೆ ಹೋದಾಗ ಅಲ್ಲಿನ ಜನ ಅದೇ ಗ್ರಹಗಳ ಜಾಗದಲ್ಲಿ ತಮ್ಮ ದೇವತೆಗಳಾದ ಟೀವ್, ವೋಡನ್, ಥುನೋರ್, ಫ್ರಿಗ್ ಇವರನ್ನು ಕೂರಿಸಿದರು. ಶನಿಯನ್ನು ಮಾತ್ರ ಇದ್ದಂತೆಯೇ ಬಿಟ್ಟರು.

ಖಾರದ ಪ್ರಶ್ನೆಗೆ ಉತ್ತರ ಕಾಳುಮೆಣಸು. ಅದು ರೈತನ ಒಲೆಯವರೆಗೆ ಬರುತ್ತಿರಲಿಲ್ಲ, ಅಷ್ಟು ದುಬಾರಿ. ಆದರೆ ದೊಡ್ಡವರ ಅಡುಗೆಮನೆಗೂ ಮಠಗಳಿಗೂ ಬರುತ್ತಿತ್ತು. ವೈದ್ಯರು ಬರೆದಿಟ್ಟ ಮದ್ದಿನ ಹೊತ್ತಗೆಗಳಲ್ಲಿಯೂ ಅದು ಮತ್ತೆ ಮತ್ತೆ ಕಾಣುತ್ತದೆ. ಏಳನೆಯ ಶತಮಾನದ ಕೊನೆಯ ಹೊತ್ತಿಗೆ ಆಲ್ಡ್‌ಹೆಲ್ಮ್ ಎಂಬ ವಿದ್ವಾಂಸ ಲ್ಯಾಟಿನ್‌ನಲ್ಲಿ ಬರೆದ ಒಗಟುಗಳಲ್ಲಿ ಒಂದಕ್ಕೆ ಉತ್ತರವೇ ಮೆಣಸು: ಹೊರಗೆ ಸುಕ್ಕುಗಟ್ಟಿದ ಕಪ್ಪು ಸಿಪ್ಪೆ, ಒಳಗೆ ಬಿಳುಪು, ರಾಜರ ಔತಣಕ್ಕೆ ರುಚಿ ಕೊಡುವುದು ನಾನು ಎಂದು ಅದು ಹೇಳಿಕೊಳ್ಳುತ್ತದೆ. ಯುರೋಪಿಗೆ ಹೋಗುತ್ತಿದ್ದ ಕರಿಮೆಣಸಿನ ಬಳ್ಳಿ ಬೆಳೆಯುತ್ತಿದ್ದದ್ದು ನಮ್ಮ ಪಶ್ಚಿಮ ಘಟ್ಟದ ಮಳೆಯ ಕಾಡುಗಳಲ್ಲಿ. ಪದವೂ ಇಲ್ಲಿಂದಲೇ ಹೋದದ್ದು. ಹಳೆಯ ಇಂಗ್ಲಿಷಿನ 'ಪಿಪೊರ್' ಲ್ಯಾಟಿನ್‌ನಿಂದ, ಅದು ಗ್ರೀಕ್‌ನಿಂದ, ಅದು ಭಾರತದ 'ಪಿಪ್ಪಲಿ'ಯಿಂದ ಬಂದಿದೆ. ಕೆಮ್ಮಿಗೆ ಅಜ್ಜಿ ಜೇನಿನಲ್ಲಿ ತೇದು ಕೊಡುವ ಹಿಪ್ಪಲಿಯ ಹೆಸರಿನ ಮೂಲವೂ ಅದೇ.

ಬೀಡ್ 735ರಲ್ಲಿ ಜಾರೋ ಮಠದಲ್ಲಿ ತೀರಿಕೊಂಡ. ಕೊನೆಯ ಗಳಿಗೆಯಲ್ಲಿ ಜೊತೆಗಿದ್ದ ಶಿಷ್ಯ ಕತ್‌ಬರ್ಟ್ ಬರೆದ ಪತ್ರ ಉಳಿದಿದೆ. ಏನೂ ಬೇಡವೆಂದು ಬದುಕಿದ ಆ ಸನ್ಯಾಸಿ, ನನ್ನ ಪೆಟ್ಟಿಗೆಯಲ್ಲಿ ಕೆಲವು ಬೆಲೆಬಾಳುವ ವಸ್ತುಗಳಿವೆ, ಬೇಗ ಹೋಗಿ ಮಠದ ಪಾದ್ರಿಗಳನ್ನು ಕರೆದುಕೊಂಡು ಬಾ, ದೇವರು ನನಗೆ ಕೊಟ್ಟದ್ದನ್ನು ಅವರಿಗೆ ಹಂಚುತ್ತೇನೆ ಎಂದನಂತೆ. ಪೆಟ್ಟಿಗೆಯಲ್ಲಿ ಇದ್ದದ್ದು ಮೂರು ವಸ್ತು: ಸ್ವಲ್ಪ ಬಟ್ಟೆ, ಸ್ವಲ್ಪ ಧೂಪ, ಮತ್ತು ಮೆಣಸು.